ಇದ್ದಿಲಿನ ಗೆರೆ, ಶಾಯಿಯ ಕಲೆ

ನನ್ನ ಕಾಯಿಲೆಗೆ ಒಂದು ಹೆಸರು ಸಿಗುವ ಹೊತ್ತಿಗೆ, ಮುಂಬಯಿಯ ಸಯನ್‌ನ ನಮ್ಮ ಮನೆಯ ಅಡುಗೆಕೋಣೆಯ ಗೋಡೆಯ ಮೇಲೆ ತೊಂಬತ್ತಮೂರು ಇದ್ದಿಲಿನ ಗೆರೆಗಳಾಗಿದ್ದವು. ಎಳೆದವರು ಆತ್ಯಾ, ಅಂದರೆ ಅಪ್ಪನ ಅಕ್ಕ. ನಾನು ಹಾಲು ಉಕ್ಕಿಸಿದರೆ ಒಂದು ಗೆರೆ, ನಳ ತೆರೆದು ಮರೆತರೆ ಒಂದು, ಕರೆದಾಗ ಓಗೊಡದೆ ನಿಂತರೆ ಒಂದು. ನೂರು ಆದ ದಿನ ನನ್ನ ನೌಕರಿ ಬಿಡಿಸಬೇಕು, ವಿಜಾಪುರದಲ್ಲಿರುವ ತಮ್ಮ ಗಂಡನ ಕಡೆಯ ಒಬ್ಬ ವಿಧುರನಿಗೆ ನನ್ನನ್ನು ಕೊಡಬೇಕು ಎಂದು ಅವರು ಅಪ್ಪನಿಂದ ಮಾತು ತೆಗೆದುಕೊಂಡಿದ್ದರು.

ರೋಗದಿಂದ ಎದ್ದವರು ಸಾಮಾನ್ಯವಾಗಿ ಎಲ್ಲರನ್ನೂ ಕ್ಷಮಿಸಿ ಬರೆಯುತ್ತಾರೆ. ನನ್ನ ರೋಗ ಪೂರ್ತಿ ಹೋಗಿಲ್ಲ, ನಾನು ಯಾರನ್ನೂ ಕ್ಷಮಿಸಿಯೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಎಲ್ಲೋ ಒಂದು ಮನೆಯಲ್ಲಿ ಒಬ್ಬಳು ‘ಎಚ್ಚರಗೇಡಿ’ ಎಂದು ಬೈಸಿಕೊಳ್ಳುತ್ತಿದ್ದರೆ, ಲೆಕ್ಕ ಇಡುವುದು ಹೇಗೆಂದು ಅವಳಿಗೆ ತಿಳಿಯಲಿ.

ಆಗ ನನಗೆ ಇಪ್ಪತ್ತೊಂದು. ವಿಜಾಪುರ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ಮನೆ ನಡೆಸಿದವರು ಆತ್ಯಾ. ಎರಡು ಹೊತ್ತು ಅನ್ನ ಹಾಕಿದ್ದಾರೆ, ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿದ್ದಾರೆ. ಅದನ್ನೂ ಬರೆದುಬಿಡುತ್ತೇನೆ. ಆಮೇಲೆ ನನ್ನ ಲೆಕ್ಕದಲ್ಲಿ ಮೋಸವಿದೆ ಎಂದು ಯಾರೂ ಹೇಳಬಾರದು.

ಎಪ್ಪತ್ತೊಂದನೆಯ ಗೆರೆ ಬಿದ್ದದ್ದು ಮೇ ತಿಂಗಳ ಕೊನೆಯ ದಿನ. ಹಾಲು ಇದ್ದಿಲಿನ ಶೇಗಡಿಯ ಮೇಲಿತ್ತು, ನಾನು ಅದರ ಮುಂದೆಯೇ ಕೂತಿದ್ದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವುದು ಕಂಡದ್ದು ನೆನಪಿದೆ. ಅದರ ಮುಂದಿನ ನೆನಪೆಂದರೆ ಚುರ್ ಎನ್ನುವ ಕೆಂಡ, ಸುಟ್ಟ ವಾಸನೆ, ಎದುರಿಗೆ ನಿಂತ ಆತ್ಯಾ.

"ಕಣ್ಣ ಮುಂದ ಉಕ್ಕೇದ, ಕಣ್ಣ ಮುಂದ! ಗೊಂಬಿ ಹಂಗ ನೋಡ್ಕೋತ ಕೂತೀದಿ!"

"ನಂಗ ಕಾಣಲಿಲ್ಲ ಆತ್ಯಾ."

"ಹಾಲಿನ ಮುಂದ ಕೂತಾಕಿಗೆ ಹಾಲು ಕಾಣಲಿಲ್ಲಂತ! ಕೇಳಿದ್ಯೋ ಗೋವಿಂದಾ? ನಿನ್ನ ಮಗಳು ಕೂತಲ್ಲಿಂದನ ಕಾಶಿಗೆ ಹೋಗಿ ಬಂದಾಳ!"

ಗೋವಿಂದ ಎಂದರೆ ಅಪ್ಪ. ಅವರು ಹೊರಗಿನ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಪೇಪರು ಅಲುಗಲಿಲ್ಲ. ಆ ದಿನ ಕುಂಕುಮಕ್ಕೆ ಬಂದಿದ್ದ ಬಿಲ್ಡಿಂಗಿನ ಹೆಂಗಸರನ್ನು ಆತ್ಯಾ ಅಡುಗೆಕೋಣೆಗೆ ಕರೆದೊಯ್ದು ಗೋಡೆ ತೋರಿಸಿದರು. ಒಬ್ಬಾಕೆ ಬೆರಳಿಟ್ಟು ಗೆರೆ ಎಣಿಸಿದಳು.

ಮರುದಿನ ಆಫೀಸಿನಿಂದ ಬರುವಾಗ ಮಾಟುಂಗದಲ್ಲಿ ಇಳಿದು ಗಟ್ಟಿ ರಟ್ಟಿನ ಒಂದು ನೋಟುಪುಸ್ತಕ ಕೊಂಡೆ. ಪ್ರತಿ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ‘ಗೋಡೆ ಹೇಳಿದ್ದು’, ಬಲಕ್ಕೆ ‘ನಡೆದದ್ದು’ ಎಂದು ಬರೆದೆ. ನೂರನೆಯ ಗೆರೆ ಬಿದ್ದ ದಿನ ಅಪ್ಪನ ಮುಂದೆ ಪುಸ್ತಕ ಬಿಚ್ಚಿ ಆತ್ಯಾರ ಸುಳ್ಳುಗಳನ್ನು ಒಂದೊಂದಾಗಿ ಓದಬೇಕು, ಅವರ ಮುಖ ನೋಡಬೇಕು. ಅದಷ್ಟೇ ನನ್ನ ಉದ್ದೇಶ. ಔಷಧದ ಯೋಚನೆಯೇ ಇರಲಿಲ್ಲ.

ಮೊದಲ ವಾರ ಪುಸ್ತಕ ನನ್ನ ಪಕ್ಷದಲ್ಲಿತ್ತು. ಎಪ್ಪತ್ತೆರಡು: ಹುಣಸೆಹಣ್ಣಿನ ಭರಣಿಯ ಮುಚ್ಚಳ ತೆರೆದಿಟ್ಟದ್ದು. ನಡೆದದ್ದು: ಆ ಹೊತ್ತಿಗೆ ನಾನು ಲೋಕಲ್ ಗಾಡಿಯಲ್ಲಿದ್ದೆ. ಎಪ್ಪತ್ತಮೂರು: ಮೊಸರು ಚೆಲ್ಲಿದ್ದು. ನಡೆದದ್ದು: ಬೆಕ್ಕು. ಆದರೆ ಎಪ್ಪತ್ತನಾಲ್ಕು: ಕರೆದರೆ ಓಗೊಡಲಿಲ್ಲ. ನಡೆದದ್ದು: ಗೊತ್ತಿಲ್ಲ. ಎಪ್ಪತ್ತಾರು: ಸಾರಿಗೆ ಎರಡು ಸಲ ಉಪ್ಪು. ನಡೆದದ್ದು: ಗೊತ್ತಿಲ್ಲ. ಬಲಗಡೆ ‘ಗೊತ್ತಿಲ್ಲ’ ಎಂಬ ಮಾತು ಹೆಚ್ಚುತ್ತ ಹೋಯಿತು. ಸೇಡಿಗೆಂದು ತೆರೆದ ಪುಸ್ತಕ ನನ್ನ ವಿರುದ್ಧವೇ ಸಾಕ್ಷಿ ಹೇಳತೊಡಗಿತು. ಆ ದಿನಗಳಲ್ಲಿ ನಾನು ಹೆದರಿದಷ್ಟು ಮುಂದೆ ಆಸ್ಪತ್ರೆಯಲ್ಲಿಯೂ ಹೆದರಲಿಲ್ಲ.

ಒಳಗಿನಿಂದ ಆ ಕಾಯಿಲೆ ಹೇಗಿರುತ್ತದೆ ಎಂದು ಹಲವರು ಕೇಳಿದ್ದಾರೆ. ಹೇಗೂ ಇರುವುದಿಲ್ಲ. ಗ್ರಾಮಫೋನಿನಲ್ಲಿ ಹಾಡುವ ತಟ್ಟೆಯ ಮೇಲೆ ಮುಳ್ಳು ಹಾರಿ ಮುಂದೆ ಕೂರುತ್ತದಲ್ಲ, ಹಾಗೆ. ಹಾರಿದ್ದು ಕೇಳುವವರಿಗೆ ತಿಳಿಯುತ್ತದೆ, ತಟ್ಟೆಗೆ ತಿಳಿಯುವುದಿಲ್ಲ. ಗಂಟೆಗೆ ಮೂರು ನಾಲ್ಕು ಸಲ ಹೀಗಾದರೆ ಯಾವ ಕೆಲಸಕ್ಕೂ ತಲೆ ಬಾಲ ಉಳಿಯುವುದಿಲ್ಲ. ಯಾವುದಕ್ಕೆ ಎದ್ದೆ, ಎಷ್ಟು ಹೊತ್ತಾಯಿತು, ಎದುರಿನವರು ಏನಂದರು, ಎಲ್ಲವೂ ಚೂರುಚೂರು. ಆ ಚೂರುಗಳನ್ನು ಆರಿಸಿಕೊಳ್ಳುವುದರಲ್ಲೇ ದಿನ ಮುಗಿಯುತ್ತದೆ.

ನಾನು ಕೋಟೆ ಭಾಗದ ಒಂದು ಹಡಗು ಏಜೆಂಟರ ಆಫೀಸಿನಲ್ಲಿ ಫೈಲುಗಳ ವಿಭಾಗದಲ್ಲಿದ್ದೆ. ನನ್ನ ಮೇಲಿನವರು ಉಡುಪಿ ಕಡೆಯ ಕಾಮತರು. ಜೂನ್ ಮಧ್ಯದಲ್ಲಿ ಒಂದು ದಿನ ನಾನು ನಕಲು ಮಾಡಿದ ಕಾಗದವನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದರು.

"ಅಂಬುಜಾ, ಇದೆಂತ?"

"ಶಾಯಿ ಚೆಲ್ಲೇದರಿ."

"ಚೆಲ್ಲಿದ್ದಲ್ಲ ಮಾರಾಯ್ತಿ. ಚೆಲ್ಲಿದ್ರೆ ಹೀಗೆ ಗುಂಡಗೆ ಬೀಳುದಿಲ್ಲ. ಪೆನ್ನು ನಿಂತದ್ದಿದು. ಒಂದೇ ಪುಟದಲ್ಲಿ ನಾಲ್ಕು ಕಡೆ ನಿಂತಿದೆ. ನಿನ್ನೆ ನಾನು ಚಾ ಕುಡೀತಾ ನೋಡ್ತಿದ್ದೆ. ನಿಮ್ಮ ರೆಪ್ಪೆ ಪಟಪಟ ಹೊಡೀತದೆ, ಕೈ ನಿಲ್ತದೆ, ಮತ್ತೆ ಏನೂ ಆಗದ ಹಾಗೆ ಬರೀತೀರಿ."

"ನಂಗ ಗೊತ್ತೇ ಆಗೂದಿಲ್ಲರಿ."

"ಅದೇ ನೋಡಿ ಹೆದರಿಕೆ. ಡಾಕ್ಟರಿಗೆ ತೋರಿಸಿ. ಮತ್ತೆ ಕೆಂಪು ಕಾರ್ಡು ಮಾತ್ರ ಮರೀಬೇಡಿ, ಹಾಂ. ನಿಮ್ಮ ತಲೆ ಎಲ್ಲಿಗೆ ಬೇಕಾದ್ರೂ ತಿರುಗಾಡಿ ಬರಲಿ, ಕಾರ್ಡು ಇದ್ದಲ್ಲೇ ಇರ್ಬೇಕು."

ಕೆಂಪು ಕಾರ್ಡು ನಮ್ಮ ವಿಭಾಗದ ಪದ್ಧತಿ. ಕಪಾಟಿನಿಂದ ಯಾರೇ ಫೈಲು ತೆಗೆದರೂ ಖಾಲಿಯಾದ ಜಾಗದಲ್ಲಿ ಒಂದು ಕೆಂಪು ಕಾರ್ಡು ನಿಲ್ಲಿಸಬೇಕು: ಯಾವ ಫೈಲು, ಯಾರ ಕೈಗೆ, ಎಷ್ಟು ಗಂಟೆಗೆ. ಫೈಲು ಮರಳಿದಾಗ ಕಾರ್ಡು ತೆಗೆಯಬೇಕು. ಅಂದಿನಿಂದ ನಾನು ಎರಡು ಕೆಲಸ ಶುರುಮಾಡಿದೆ. ಒಂದು, ದಿನದ ಕೊನೆಗೆ ನನ್ನ ನಕಲುಗಳ ಮೇಲಿನ ಕಲೆಗಳನ್ನು ಎಣಿಸಿ ಪುಸ್ತಕಕ್ಕೆ ಬರೆಯುವುದು. ಜುಲೈ ಪೂರ್ತಿಯ ಲೆಕ್ಕ ಇನ್ನೂರ ಹದಿನಾಲ್ಕು. ಅದು ಆಫೀಸಿನ ಹೊತ್ತಿನದು ಮಾತ್ರ. ಇನ್ನೊಂದು, ಹಳೆಯ ಕಾರ್ಡುಗಳನ್ನು ಕಾಮತರಿಂದ ಕೇಳಿ ಮನೆಗೆ ತಂದು, ಪ್ರತಿ ಕೆಲಸಕ್ಕೂ ಒಂದು ಕಾರ್ಡು ನಿಲ್ಲಿಸುವುದು. ಒಲೆಯ ಮೇಲೆ ಬೇಳೆ ಇಟ್ಟರೆ ಪಕ್ಕದಲ್ಲಿ ‘ಬೇಳೆ, ೬.೩೫’. ಎದ್ದು ಹೋದರೆ ಸೊಂಟಕ್ಕೆ ಸಿಕ್ಕಿಸಿದ ಇನ್ನೊಂದು ಕಾರ್ಡಿನಲ್ಲಿ ‘ಒಲೆಗೆ ಮರಳಬೇಕು’. ಗಡಿಯಾರ ನೋಡಿದರೆ ಸಾಲದು, ನೋಡಿದ ಹೊತ್ತನ್ನು ಬರೆಯಬೇಕು. ನೆನಪಿಟ್ಟುಕೊಳ್ಳುತ್ತೇನೆ ಎಂಬ ಮಾತನ್ನು ನಾನು ಆಗಲೇ ಬಿಟ್ಟೆ. ಇಂದಿಗೂ ಬಳಸುವುದಿಲ್ಲ.

ಈ ಕಾರ್ಡುಗಳಿಗೆ ಒಂದು ರಕ್ಷಣೆಯಿತ್ತು. ಆತ್ಯಾ ಸ್ನಾನ ಮಾಡಿ ಮಡಿಯುಟ್ಟರೆ ಅಡುಗೆ ಮುಗಿಯುವವರೆಗೆ ಮೈಲಿಗೆಯ ಏನನ್ನೂ ಮುಟ್ಟುತ್ತಿರಲಿಲ್ಲ. ಹತ್ತು ಜಾತಿಯವರ ಕೈ ದಾಟಿ ಬಂದ ಆಫೀಸಿನ ರಟ್ಟೆಂದರೆ ಮೈಲಿಗೆಯಲ್ಲೇ ಮೈಲಿಗೆ.

"ಏನಿದು ದರಿದ್ರ ಕಾಗದಾ! ಅಡಗಿಮನ್ಯಾಗ ಪೋಸ್ಟಾಫೀಸ್ ತಗದಿ ಏನು?" ಎಂದು ದೂರದಿಂದಲೇ ಕೂಗುತ್ತಿದ್ದರು. ಮುಟ್ಟುವಂತಿರಲಿಲ್ಲ. ನನಗೆ ಅದರಲ್ಲಿ ಎಂಥ ಸುಖ! ಅವರದೇ ಮಡಿ ನನ್ನ ಕಾರ್ಡುಗಳಿಗೆ ಕಾವಲು ನಿಂತಿತ್ತು. ಆರು ವಾರದಲ್ಲಿ ಗೋಡೆಯ ಮೇಲೆ ಬಿದ್ದ ಹೊಸ ಗೆರೆಗಳಲ್ಲಿ ನನ್ನವು ನಾಲ್ಕೇ.

ಆಗಸ್ಟ್‌ನ ಒಂದು ಭಾನುವಾರ ಬೆಳಗಿನ ಐದೂ ಇಪ್ಪತ್ತಕ್ಕೆ ಬಚ್ಚಲಿನ ನಳ ತಿರುಗಿಸಿದೆ. ನೀರು ಇನ್ನೂ ಬಂದಿರಲಿಲ್ಲ. ‘ನಳ ತೆರೆದಿದೆ, ೫.೨೦’ ಎಂದು ಕಾರ್ಡು ಬರೆದು ಬಚ್ಚಲ ಬಾಗಿಲಿನ ಚಿಲಕಕ್ಕೆ ಸಿಕ್ಕಿಸಿ ಹಾಸಿಗೆ ಸುತ್ತಲು ಹೋದೆ. ಮರಳಿ ಬಾಗಿಲ ಮುಂದೆ ಹಾದುಹೋದಾಗ ಕಾರ್ಡು ಕಾಣಲಿಲ್ಲ. ಕಾರ್ಡಿಲ್ಲವೆಂದರೆ ಕೆಲಸ ಮುಗಿದಿದೆ ಎಂದು ಅರ್ಥ. ನಾನು ಕಸ ಗುಡಿಸತೊಡಗಿದೆ. ಆರು ಗಂಟೆಗೆ ಕೆಳಗಿನ ಮನೆಯವರು ಮೆಟ್ಟಿಲ ಮೇಲಿಂದ ಅರಚುತ್ತಿದ್ದರು. ನೀರು ಅವರ ಗೋಡೆಯ ಮೇಲೆ ಇಳಿಯುತ್ತಿತ್ತು.

"ತೊಂಬತ್ತಮೂರು!" ಎಂದರು ಆತ್ಯಾ, ಇದ್ದಿಲು ಕೈಗೆತ್ತಿಕೊಂಡು. "ಇನ್ನ ಏಳು ಉಳದಾವ ನೋಡವಾ. ವಿಜಾಪುರಕ್ಕ ಹೋಗೂ ಟ್ರಂಕು ಒರಸಿ ಇಡು."

ಆಗ ಅಪ್ಪ ಒಳಗೆ ಬಂದರು. "ಅಕ್ಕಾ, ನೀ ಇಕ್ಕಳದ್ಲೆ ಅಕಿ ಕಾರ್ಡು ಹಿಡದು ಶೇಗಡಿಗೆ ಹಾಕಿದ್ದು ನಾ ನೋಡೇನಿ," ಎಂದರು.

ಇಕ್ಕಳ! ಮಡಿಗೂ ಭಂಗವಿಲ್ಲ, ನನಗೂ ಉಳಿಗಾಲವಿಲ್ಲ. ಆತ್ಯಾ ಅರೆಗಳಿಗೆಯೂ ತಡವರಿಸಲಿಲ್ಲ. "ಕಸಾ ಸುಟ್ಟೆ. ಮನ್ಯಾಗ ಕಸಾ ಇಟ್ಕೋಬೇಕೇನು?" ಎಂದರು. ಅಪ್ಪ ನನ್ನ ಕಡೆ ತಿರುಗಿ, "ನಾಳಿ ರಜಾ ತಗೋ. ದವಾಖಾನಿಗೆ ಹೋಗೂಣು," ಎಂದರು. ಎರಡು ತಿಂಗಳಿಂದ ನಾನು ಅದನ್ನೇ ಕೇಳುತ್ತಿದ್ದೆ. ಊರಿಗೆಲ್ಲ ಗೊತ್ತಾಗುತ್ತದೆ ಎಂದು ಆತ್ಯಾ ಬೇಡವೆನ್ನುತ್ತಿದ್ದರು, ಅಪ್ಪ ಪೇಪರು ಓದುತ್ತಿದ್ದರು.

ಆಸ್ಪತ್ರೆಯಲ್ಲಿ ಬೆಳಗಿನ ಎಂಟರಿಂದ ಕಾದೆವು. ಮರದ ಬೆಂಚು, ಒದ್ದೆ ಛತ್ರಿಗಳ ವಾಸನೆ, ಫಿನಾಯಿಲು. ಅಪ್ಪ ನೀರು ಕುಡಿಯಲು ಎದ್ದು ಹೋದಾಗಲೇ ನನ್ನ ನಂಬರು ಕೂಗಿದರಂತೆ. ನನಗೆ ಕೇಳಲಿಲ್ಲ. ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಮರಾಠಿ ಹೆಂಗಸು ನನ್ನ ಚೀಟಿ ಇಣುಕಿ ನೋಡಿ, "ಅಗ ಬಾಯಿ, ತುಝಾ ನಂಬರ್ ಆಲಾ!" ಎಂದು ಭುಜ ತಟ್ಟಿದಳು. ಬೈಯಲಿಲ್ಲ, ನಗಲೂ ಇಲ್ಲ, ಸುಮ್ಮನೆ ತಟ್ಟಿದಳು. ಅವಳ ಹೆಸರು ನನಗೆ ಗೊತ್ತಿಲ್ಲ. ಆ ದಿನದ ಪುಟದಲ್ಲಿ ‘ಭುಜ ತಟ್ಟಿದವಳು’ ಎಂದು ಬರೆದಿದ್ದೇನೆ.

ಅಷ್ಟರಲ್ಲಿ ಅಪ್ಪ ಮರಳಿದರು, ಇಬ್ಬರೂ ಒಳಗೆ ಹೋದೆವು. ಡಾಕ್ಟರು ವಯಸ್ಸಾದ ಪಾರ್ಸಿ ಬಾಯಿ. ನನ್ನ ಪುಸ್ತಕವನ್ನು ಮೊದಲಿನಿಂದ ತಿರುವಿದರು. ಕನ್ನಡ ಅವರಿಗೆ ಬಾರದು, ಅಂಕಿಗಳು ಅರ್ಥವಾದವು, ಉಳಿದದ್ದನ್ನು ನಾನು ಹಿಂದಿಯಲ್ಲಿ ಹೇಳಿದೆ. ಆಮೇಲೆ ಕುರ್ಚಿ ಎಳೆದು ಎದುರಿಗೆ ಕೂತು, "ಡಿಕ್ರಿ, ಜೋರ್ ಜೋರ್ ಸೆ ಸಾಸ್ ಲೇವ್, ಔರ್ ಗಿನತಿ ಕರೋ," ಎಂದರು. ಡಿಕ್ರಿ ಎಂದರೆ ಮಗಳು. ನಾನು ಜೋರಾಗಿ ಉಸಿರಾಡುತ್ತ ಒಂದೊಂದು ಉಸಿರಿಗೂ ಒಂದೊಂದು ಎಣಿಸಿದೆ. ತುಟಿ ಜುಮುಗುಟ್ಟಿತು. ಐವತ್ತೆಂಟು, ಐವತ್ತೊಂಬತ್ತು, ಅರುವತ್ತು, ಅರುವತ್ತೊಂದು.

ಅರುವತ್ತು ಮತ್ತು ಅರುವತ್ತೊಂದರ ನಡುವೆ ಅಪ್ಪ ಎದ್ದು ನಿಂತಿದ್ದರು. ಅವರ ಛತ್ರಿ ನೆಲಕ್ಕೆ ಬಿದ್ದಿತ್ತು. ಬಿದ್ದ ಸದ್ದು ನನಗೆ ಕೇಳಿರಲಿಲ್ಲ.

"ಹನ್ನೊಂದು ಸೆಕೆಂಡು," ಎಂದರು ಡಾಕ್ಟರು ಹಿಂದಿಯಲ್ಲಿ. ಇದು ಮೂರ್ಛೆರೋಗದ ಸಣ್ಣ ರೂಪ; ಹುಡುಗಿ ಬೀಳುವುದಿಲ್ಲ, ನಡುಗುವುದಿಲ್ಲ, ಅದಕ್ಕೇ ಯಾರಿಗೂ ತಿಳಿಯುವುದಿಲ್ಲ; ಇದರಲ್ಲಿ ಇವಳ ತಪ್ಪಿಲ್ಲ. ಕೊನೆಯ ಮಾತನ್ನು ಅಪ್ಪನಿಗೆ ಎರಡು ಸಲ ಹೇಳಿದರು. ಪುಸ್ತಕ ಮರಳಿ ಕೊಡುವಾಗ, ಇಷ್ಟು ಚೊಕ್ಕ ಲೆಕ್ಕ ಇಟ್ಟ ರೋಗಿಯನ್ನು ತಾವು ನೋಡಿಲ್ಲ, ಯಾಕೆ ಇಟ್ಟೆ ಎಂದು ಕೇಳಿದರು. ಸೇಡಿಗೆ ಎನ್ನುವ ಮಾತು ಹಿಂದಿಯಲ್ಲಿ ನೆನಪಾಗಲಿಲ್ಲ. ಪುಸ್ತಕ ಚೀಲಕ್ಕೆ ಹಾಕಿ ಎದ್ದೆ.

ಮನೆಗೆ ಬಂದವರೇ ಅಪ್ಪ ಒದ್ದೆ ಅರಿವೆಯಿಂದ ಗೋಡೆ ಒರೆಸಿದರು. ಒರೆಸುವಾಗ ಅವರ ಭುಜ ಅಲುಗುತ್ತಿತ್ತು. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ನನ್ನನ್ನು ಕೇಳದೆ ಒರೆಸಿದರು. ನಾನು ಅದನ್ನು ಆತ್ಯಾರ ಕೈಯಿಂದ ಒರೆಸಬೇಕೆಂದಿದ್ದೆ.

ಆತ್ಯಾ ರೋಗದ ಹೆಸರು ಕೇಳಿದವರೇ ಬಾಗಿಲು ಮುಂದೆ ಮಾಡಿ, "ಇನ್ನ ನೂರರ ದಾರಿ ಕಾಯೂದಲ್ಲ. ಯಾರಿಗೂ ಗೊತ್ತಾಗೂದರೊಳಗ ಲಗ್ನಾ ಮುಗಸಬೇಕು," ಎಂದರು. "ಗುಳಿಗೀ ಸುದ್ದಿ ಎತ್ತಬ್ಯಾಡ್ರಿ. ಅಲ್ಲಿಗೆ ಹೋದ ಮ್ಯಾಲ ಬಂದ್ ಮಾಡಿದ್ರಾತು. ಮೊದಲ ಎಲುಬಿನ ಪುಡೀಲೆ ಮಾಡಿದ್ದಂತ ಆ ಗುಳಿಗಿ!" ಅಪ್ಪ ಇಲ್ಲ ಅನ್ನಲಿಲ್ಲ. ಗೋಡೆ ಒರೆಸುವಷ್ಟೇ ಧೈರ್ಯ ಅವರಲ್ಲಿತ್ತು. ಅದು ಅಂದೇ ಖರ್ಚಾಗಿತ್ತು.

ಗುಳಿಗೆ ಸುಲಭದ್ದಾಗಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹೊರಟರೆ ಬೀದಿಯ ಮೇಲೆ ಯಾರೋ ಸುಣ್ಣ ಸುರಿದಂತೆ ಎಲ್ಲ ಬೆಳ್ಳಗಾಗುತ್ತಿತ್ತು. ಎದುರು ಬರುವವರ ಮುಖ ಕಾಣದೆ ಬರಿಯ ಬಟ್ಟೆ ಕಾಣುತ್ತಿತ್ತು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಅದಿಲ್ಲದೆ ಗುಳಿಗೆ ನುಂಗುವುದು ಅಪಾಯ ಎಂದಿದ್ದರು. ಆದರೆ ಕಲೆಗಳು ಇಳಿದವು. ಅಕ್ಟೋಬರಿನಲ್ಲಿ ಅರುವತ್ತೊಂದು. ಡಿಸೆಂಬರಿನಲ್ಲಿ ಹದಿನೇಳು. ಜನವರಿಯಲ್ಲಿ ಒಂಬತ್ತು. ಕಾರ್ಡುಗಳನ್ನು ನಾನು ಬಿಡಲಿಲ್ಲ. ರೋಗ ಕಡಿಮೆಯಾದರೂ, ಇಷ್ಟು ವರ್ಷ ಚೂರುಗಳಲ್ಲಿ ಬದುಕಿದ ತಲೆ ಒಂದೇ ದಿನ ಓರಣವಾಗುವುದಿಲ್ಲ. ಒಂದು ಹೊತ್ತಿಗೆ ಒಂದೇ ಕೆಲಸ, ಎದ್ದರೆ ಗುರುತು, ಮುಗಿದರೆ ಅಳಿಸುವುದು. ಅದನ್ನು ಗುಳಿಗೆ ಕಲಿಸಲಿಲ್ಲ.

ಫೆಬ್ರವರಿಯ ಎರಡನೆಯ ಭಾನುವಾರ ವಿಜಾಪುರದಿಂದ ವರ ಬಂದ, ಜೊತೆಗೆ ಅವನ ತಾಯಿ. ಅವನು ಶಾಲೆಯ ಮಾಸ್ತರ, ಮೂವತ್ತಾರರ ಹತ್ತಿರ, ಎರಡು ಮಕ್ಕಳು. ನಾಲ್ಕು ದಿನದಿಂದ ಆತ್ಯಾ ನನ್ನ ಮೇಲೆ ಪ್ರೀತಿ ಸುರಿಸುತ್ತಿದ್ದರು. ಗುಳಿಗೆಯ ಬಾಟಲಿಯನ್ನು ಇಕ್ಕಳದಿಂದಲೇ ಎತ್ತಿ ಕಪಾಟಿನ ಹಿಂದೆ ಅಡಗಿಸಿದ್ದರು. "ಬಾಯಿ ಬಿಟ್ಟೀ ಅಂದ್ರ ನಿನ್ನಪ್ಪನ ಮಾನಾ ಹೋಗ್ತದ, ನೆನಪಿರಲಿ," ಎಂದಿದ್ದರು. ನಾನು ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ಚಹಾ, ಅವಲಕ್ಕಿ ಆಯಿತು. ಎರಡು ಸಾಲು ದೇವರನಾಮ ಹಾಡಿಸಿದರು. ವರನ ತಾಯಿ ಸಾದಾ ಹೆಂಗಸು, ನನ್ನ ಕೈ ಹಿಡಿದು ನೋಡಿ, "ಓದಿದಾಕಿ ಅಂತೀರಿ. ಒಂದೆರಡು ಸಾಲು ಬರದು ತೋರಸಲಿ, ನಮ್ಮಲ್ಲೆ ಅದೊಂದು ಪದ್ಧತಿ ಅದ," ಎಂದರು. ಹೆಣ್ಣು ನೋಡುವಾಗ ಅಕ್ಷರ ನೋಡುವ ಈ ಪದ್ಧತಿ ನನಗೆ ಗೊತ್ತಿತ್ತು. ಸಾಮಾನ್ಯವಾಗಿ ಹುಡುಗಿಯರು ‘ಶ್ರೀರಾಮ’ ಎಂದೋ ತಮ್ಮ ಹೆಸರನ್ನೋ ಬರೆಯುತ್ತಾರೆ. ನಾನು ಕಾಗದ ತೆಗೆದುಕೊಂಡು ಪುಟ ತುಂಬುವಷ್ಟು ಬರೆದೆ. ಒಂದೂ ಕಲೆ ಬೀಳಲಿಲ್ಲ.

ತಾಯಿ ಕಾಗದವನ್ನು ಮಗನಿಗೆ ಕೊಟ್ಟರು. ಅವನು ಕಣ್ಣಲ್ಲೇ ಓದತೊಡಗಿದ್ದ. ಆತ್ಯಾಗೆ ತಡೆಯಲಾಗಲಿಲ್ಲ. "ಜೋರ್ಲೆ ಓದ್ರಿ ಮಾಸ್ತರ! ನಮ್ಮ ಅಂಬೂನ ಅಕ್ಷರ ಅಂದ್ರ ಮುತ್ತು ಪೋಣಿಸಿದಂಗ!"

ಅವನು ಅವರ ಮುಖವನ್ನೊಮ್ಮೆ ನೋಡಿ, ಜೋರಾಗಿ ಓದಿದ. "ನನಗೆ ಮೂರ್ಛೆರೋಗದ ಒಂದು ರೂಪವಿದೆ. ಕೆಲವು ಸೆಕೆಂಡು ಎಚ್ಚರ ತಪ್ಪುತ್ತದೆ. ಜುಲೈಯಲ್ಲಿ ಇನ್ನೂರ ಹದಿನಾಲ್ಕು ಸಲ, ಜನವರಿಯಲ್ಲಿ ಒಂಬತ್ತು ಸಲ. ಗುಳಿಗೆ ತಪ್ಪಿಸಿದರೆ ಮತ್ತೆ ಹೆಚ್ಚುತ್ತದೆ. ಗುಳಿಗೆಯ ಬಾಟಲಿಯನ್ನು ನಮ್ಮ ಆತ್ಯಾ ಕಪಾಟಿನ ಹಿಂದೆ ಇಟ್ಟಿದ್ದಾರೆ. ಇದನ್ನು ನಿಮ್ಮಿಂದ ಮುಚ್ಚಿಡಬೇಕೆಂದು ಹೇಳಿದವರೂ ಅವರೇ. ನಾನು ಬಾಯಿ ಬಿಟ್ಟು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಅದಕ್ಕೆ ಬರೆದಿದ್ದೇನೆ."

ಆತ್ಯಾರ ಮುಖದ ಬಣ್ಣ ಇಳಿಯುವುದನ್ನು ಪೂರ್ತಿ ನೋಡಿದೆ. ಎಂಟು ತಿಂಗಳು ಕಾದದ್ದು ಇದಕ್ಕೇ. ಒಂದೇ ಒಂದು ಕ್ಷಣವೂ ನನಗೆ ತಪ್ಪಿಹೋಗಲಿಲ್ಲ. ಅಪ್ಪ ತಲೆ ತಗ್ಗಿಸಿದ್ದರು. ವರನ ತಾಯಿ ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, "ನಡಿಯಪಾ, ಗಾಡೀ ಹೊತ್ತಾತು," ಎಂದರು. ಅವರ ಗಾಡಿ ಸಂಜೆಗಿತ್ತು, ಆಗ ಹನ್ನೊಂದೂ ಕಾಲು.

ಐದು ನಿಮಿಷದ ಮೇಲೆ ಬಾಗಿಲು ಬಡಿಯಿತು. ನಾನೇ ತೆರೆದೆ. ಮಾಸ್ತರ ಒಬ್ಬನೇ ಮೆಟ್ಟಿಲು ಹತ್ತಿ ಬಂದಿದ್ದ. ಕಾಗದ ಅವನ ಕೈಯಲ್ಲೇ ಇತ್ತು. ದನಿ ತಗ್ಗಿಸಿ, "ನನ್ನ ಸಣ್ಣ ಮಗಳಿಗೆ ಎಂಟು ವರ್ಷ," ಎಂದ. "ಪಾಟಿ ಹಿಡದು ಹಂಗ ನಿಂತುಬಿಡತಾಳ. ಕರದ್ರ ಕೇಳೂದಿಲ್ಲ. ಸೊಕ್ಕು ಅಂತ ತಿಳದು ನಾನ ಹೊಡದೇನಿ. ಭಾಳ ಸಲ ಹೊಡದೇನಿ. ಆ ಡಾಕ್ಟರ್ ಹೆಸರು, ದವಾಖಾನಿ ವಿಳಾಸಾ ಬರದು ಕೊಡ್ತೀರೇನು?"

ಅದೇ ಕಾಗದದ ಹಿಂದೆ ಬರೆದುಕೊಟ್ಟೆ. ಹೊಡೆಯುವುದನ್ನು ಇಂದೇ ನಿಲ್ಲಿಸಿ, ಸಲಗಳನ್ನು ಎಣಿಸಿ ಬರೆಯಿರಿ ಎಂದು ಹೇಳಿದೆ. ಅವನು ತಲೆಯಾಡಿಸಿ ಇಳಿದುಹೋದ.

ಬಾಗಿಲು ಹಾಕಿ ತಿರುಗಿದರೆ ಆತ್ಯಾ ನಿಂತಿದ್ದರು. ಮಾತು ಅವರಿಗೆ ಕೇಳಿರಲಿಲ್ಲ. ನಾನು ಬರೆ‌ದುಕೊಟ್ಟದ್ದು ಮಾತ್ರ ಕಂಡಿತ್ತು. ಅವರ ಮುಖದಲ್ಲಿ ಬಣ್ಣ ಮರಳುತ್ತಿತ್ತು.

"ಯಾಕ ಬಂದಿದ್ದಾ? ಏನಂದಾ? ಮನಸು ಬದಲಿ ಮಾಡ್ಯಾನೇನು?"

ನಾನು ಹೇಳಲಿಲ್ಲ. ಅಂದು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಆತ್ಯಾ ವಿಜಾಪುರದ ಕಾಗದಕ್ಕಾಗಿ ಕಾಯತೊಡಗಿದರು. ಪೋಸ್ಟಿನವನ ಹೊತ್ತಿಗೆ ಮಡಿಯಲ್ಲೇ ಬಾಗಿಲಿಗೆ ಬಂದು ನಿಲ್ಲುವರು, ಕೇಳುವರು, ಒಳಗೆ ಹೋಗುವರು. ನಾನು ದಿನಗಳನ್ನು ಬರೆದಿಟ್ಟೆ: ಇಪ್ಪತ್ತೆರಡು. ಇಪ್ಪತ್ಮೂರನೆಯ ದಿನ, ರಜೆಯ ಮೇಲೆ ನಾನು ಮನೆಯಲ್ಲಿದ್ದಾಗ, ಕಾಗದ ನನ್ನ ಹೆಸರಿಗೆ ಬಂತು. ಒಳಗೆ ಮಾಸ್ತರನ ನಾಲ್ಕು ಸಾಲಿತ್ತು. ಮುಂದಿನ ತಿಂಗಳು ಮಗಳನ್ನು ಮುಂಬಯಿಗೆ ಕರೆತರುತ್ತಾನೆ. ಅದರ ಕೆಳಗೆ ಹುಡುಗಿಯ ದಪ್ಪ ಅಕ್ಷರದಲ್ಲಿ ಒಂದು ವಾರದ ಪಟ್ಟಿ. ಸೋಮವಾರ ಹದಿನೆಂಟು. ಮಂಗಳವಾರ ಇಪ್ಪತ್ತು. ಬುಧವಾರ ಅಪ್ಪ ಎಣಿಸಲು ಮರೆತರು.

"ಏನ ಬರದಾರ ಅಂಬೂ?" ಆತ್ಯಾರ ದನಿ ಅಷ್ಟು ಮೆತ್ತಗೆ ನಾನು ಹಿಂದೆಂದೂ ಕೇಳಿರಲಿಲ್ಲ. "ಹೂಂ ಅಂದಾರೇನವಾ?"

ಕಾಗದವನ್ನು ಮಡಿಸಿ ಪುಸ್ತಕದೊಳಗಿಟ್ಟೆ. "ಓದಿ ಹೇಳ್ತೀನಿ ಆತ್ಯಾ," ಎಂದೆ. ಎರಡು ವರ್ಷವಾಯಿತು, ಇನ್ನೂ ಹೇಳಿಲ್ಲ.